ಭಾವಾ, ಇದಕ್ಕೆ ಎಷ್ಟು?

ನಮ್ಮ ಚಿಕ್ಕಮ್ಮನಿಗೆ ಕೆಲಸ ಸಿಕ್ಕಿದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಅಪ್ಪನ ಕಥೆಯಲ್ಲಿ ಕೆಲಸ ಕೊಡಿಸಿದ್ದೇ ಅಪ್ಪ. ಅಮ್ಮನ ಪ್ರಕಾರ ಆ ಅಂಗಡಿಯವರಿಗೆ ಆವತ್ತು ತಲೆ ಕೆಟ್ಟಿತ್ತು. ಚಿಕ್ಕಮ್ಮನನ್ನೇ ಕೇಳಿದರೆ, "ನಂಗೂ ಸರಿಯಾಗಿ ಗೊತ್ತಾಗ್ಲಿಲ್ಲ ಕಣೆ," ಎಂದು ಬೇರೆ ಮಾತು ತೆಗೆಯುತ್ತಾರೆ. ಆವತ್ತು ಅವರ ಪಕ್ಕದಲ್ಲೇ ಕೂತಿದ್ದವಳು ನಾನು. ಕಿವಿ ಎರಡೂ ನೆಟ್ಟಗಿದ್ದವು, ಕಣ್ಣು ತೆರೆದೇ ಇತ್ತು. ಆದರೂ ಏನಾಯಿತು, ಯಾಕಾಯಿತು ಎಂಬುದು ನನಗೂ ಪೂರ್ತಿ ಬಗೆಹರಿದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೇ ನನ್ನ ಕೈಲಾಗುವುದು.

ಚಿಕ್ಕಮ್ಮ ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ಚಿಕ್ಕಪ್ಪ ಲಾರಿ ಓಡಿಸುವವರು. ಮನೆಗೆ ನೆಂಟರ ಹಾಗೆ ಬಂದು, ಕೊಳೆ ಬಟ್ಟೆ ಮೂಲೆಗೆ ಹಾಕಿ, ಕಣ್ತುಂಬ ನಿದ್ದೆ ಮಾಡಿ ಮತ್ತೆ ಹೊರಡುವವರು. ಅವರನ್ನು ಈ ಕಥೆಯಿಂದ ಬಿಟ್ಟುಬಿಟ್ಟರೆ ಅವರಿಗೇನೂ ಬೇಜಾರಾಗುವುದಿಲ್ಲ. ಮನೆಯಲ್ಲಿ ದಿನವೂ ಇರುತ್ತಿದ್ದವರು ಅಪ್ಪ, ಅಮ್ಮ, ಚಿಕ್ಕಮ್ಮ, ನಾನು. ಅಡುಗೆಮನೆ ಅಮ್ಮನದು. ಮುಂದಿನ ಕೋಣೆ ಅಂಗಡಿ. ಗುಂಡಿ, ಹುಕ್ಕು, ಜಿಪ್ಪು, ಲೇಸು, ದಾರ, ಎಲಾಸ್ಟಿಕ್ಕು ಮಾರುತ್ತಿದ್ದೆವು. ಸುತ್ತಮುತ್ತಲ ಟೈಲರುಗಳಿಗೆಲ್ಲ ನಾವೇ ಗತಿ. ನೆಲದಿಂದ ಸೂರಿನವರೆಗೆ ತಗಡಿನ ಡಬ್ಬಿಗಳು, ಡಬ್ಬಿಯ ಮುಚ್ಚಳಕ್ಕೆ ಒಳಗಿರುವ ಗುಂಡಿಯದೇ ಒಂದು ಮಾದರಿ ದಾರದಲ್ಲಿ ಕಟ್ಟಿರುತ್ತಿತ್ತು. ಎಡಗಡೆ ಗಲ್ಲಾ. ಗಲ್ಲಾದ ಹಿಂದೆ ಅಪ್ಪ.

ಆ ಅಂಗಡಿಗೊಂದು ನಿಯಮವಿತ್ತು. ತಾತನ ಕಾಲದ್ದಂತೆ. ಸಾಮಾನು ತೋರಿಸುವವರು ಬೆಲೆ ಹೇಳುವಂತಿಲ್ಲ. ಬೆಲೆ ಹೇಳುವವರು ಸಾಮಾನು ಮುಟ್ಟುವಂತಿಲ್ಲ. ತೋರಿಸುವವರಿಗೆ ಗಿರಾಕಿಯ ಮೇಲೆ ಕರುಣೆ ಹುಟ್ಟುತ್ತದೆ, ಕರುಣೆ ಹುಟ್ಟಿದರೆ ಬೆಲೆ ಜಾರುತ್ತದೆ, ಅದಕ್ಕೇ ಬೆಲೆ ಹೇಳಲು ಗಂಟುಮುಖದ ಬೇರೊಬ್ಬರು ಇರಬೇಕು ಎಂಬುದು ತಾತನ ಲೆಕ್ಕಾಚಾರ. ಅಪ್ಪನಿಗೆ ಗಂಟುಮುಖ ಹುಟ್ಟುತ್ತಲೇ ಬಂದಿತ್ತು. ಹೀಗಾಗಿ ಅಪ್ಪ ಕೂರುತ್ತಿದ್ದರು, ಚಿಕ್ಕಮ್ಮ ನಿಲ್ಲುತ್ತಿದ್ದರು. ಗಿರಾಕಿ ಬೆಲೆ ಕೇಳಿದರೆ ಚಿಕ್ಕಮ್ಮ ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿ, "ಭಾವಾ, ಇದಕ್ಕೆ ಎಷ್ಟು?" ಎನ್ನುವರು. ಅಪ್ಪ ಹೇಳುವರು. ಗಿರಾಕಿ ಅಲ್ಲೇ ನಿಂತು ಕೇಳಿಸಿಕೊಂಡಿದ್ದರೂ ಚಿಕ್ಕಮ್ಮ ಅದನ್ನೇ ಇನ್ನೊಮ್ಮೆ ಗಿರಾಕಿಗೆ ಹೇಳುವರು. ಮದುವೆಯಾಗಿ ಬಂದ ಹೊಸತರಲ್ಲಿ ಶುರುವಾದ ಮಾತು ಅದು. ನಿಜ ಹೇಳಬೇಕೆಂದರೆ ಅವರಿಬ್ಬರ ನಡುವೆ ಇದ್ದದ್ದೇ ಅದೊಂದು ಮಾತು. ನಾನು ಹುಟ್ಟಿ, ಬೆಳೆದು, ಓದು ಮುಗಿಸಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಕೊಡುವ ಕೆಲಸಕ್ಕೆ ಸೇರಿದ್ದೂ ಆಯಿತು, ಆ ಮಾತು ಬದಲಾಗಲಿಲ್ಲ.

ಆಮೇಲೆ ರಸ್ತೆ ಅಗಲ ಮಾಡಿದರು. ನಮ್ಮ ಬೀದಿಯ ಮನೆಗಳ ಮುಂಭಾಗವನ್ನೆಲ್ಲ ಗೆರೆ ಹಾಕಿ ಕೆಡವಿದರು. ಗೆರೆ ನಮ್ಮ ಅಂಗಡಿಯ ಹಿಂದಿನ ಗೋಡೆಗೆ ಸರಿಯಾಗಿ ಬಿತ್ತು. ಮನೆ ಉಳಿಯಿತು, ಅಂಗಡಿ ಹೋಯಿತು. ಡಬ್ಬಿಗಳೆಲ್ಲ ಮಂಚದ ಕೆಳಗೆ, ಅಟ್ಟದ ಮೇಲೆ, ಬಚ್ಚಲಿನ ಓಣಿಯಲ್ಲಿ ಸೇರಿಕೊಂಡವು. ಹಳೆಯ ಟೈಲರುಗಳು ಮಾತ್ರ ಆಗೊಮ್ಮೆ ಈಗೊಮ್ಮೆ ಮನೆಗೇ ಬಂದು ಕೇಳುತ್ತಿದ್ದರು. ಅಪ್ಪ ಕುರ್ಚಿಯನ್ನು ಒಳಗೆ ತಂದು, ಅದೇ ಗಂಟುಮುಖ ಹಾಕಿಕೊಂಡು ಕಿಟಕಿಯ ಪಕ್ಕ ಕೂತರು. ಅವರಿಗೆ ಕೂರಲೊಂದು ಜಾಗ ಸಿಕ್ಕಿತು. ಸಿಗದೇ ಇದ್ದದ್ದು ಚಿಕ್ಕಮ್ಮನಿಗೆ. ಅಡುಗೆಮನೆಗೆ ಹೋದರೆ ಅಮ್ಮ, "ನೀನ್ಯಾಕೆ, ನಾನು ನೋಡ್ಕೋತೀನಿ," ಎಂದು ಕೈಯಿಂದ ಚಾಕು ಕಿತ್ತುಕೊಳ್ಳುವರು. ಅಮ್ಮ ಕೆಟ್ಟವರಲ್ಲ, ಆದರೆ ಅವರ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುತ್ತದೆ. ಹಾಲಿಗೆ ಬಂದರೆ ಅಪ್ಪ. ಚಿಕ್ಕಮ್ಮ ಬಚ್ಚಲಿನ ಓಣಿಯಲ್ಲಿ ಡಬ್ಬಿಗಳ ನಡುವೆ ನಿಂತು, ಮುಚ್ಚಳಗಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು.

ಒಂದು ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟವಳನ್ನು ಚಿಕ್ಕಮ್ಮ ಅದೇ ಓಣಿಗೆ ಎಳೆದುಕೊಂಡರು.

"ಆ ದೊಡ್ಡ ಅಂಗಡಿ ಇದೆಯಲ್ಲ, ಬಸ್‌ಸ್ಟ್ಯಾಂಡ್ ಎದುರಿಗೆ, ಗಾಜಿಂದು. ಅಲ್ಲಿ ಮಾರೋಕೆ ಜನ ಬೇಕಂತೆ. ಬಾಗಿಲಲ್ಲಿ ಬೋರ್ಡು ಹಾಕಿದಾರೆ. ನಾಳೆ ಬರೋಕೆ ಹೇಳಿದಾರೆ."

"ಯಾರಿಗೆ?"

"ಯಾರಿಗೆ ಅಂದ್ರೆ? ಬೇಕಾದೋರಿಗೆ."

"ಚಿಕ್ಕಮ್ಮ, ನೀವಾ?"

"ಎಲ್ಲಾದ್ರೂ ನಿಲ್ಬೇಕು ಕಣೆ ನಾನು. ಈ ಮನೇಲಿ ನಂಗೆ ನಿಲ್ಲೋಕೆ ಜಾಗ ಇಲ್ಲ. ಹೀಗೇ ಇದ್ರೆ ಇನ್ನೊಂದು ಡಬ್ಬಿ ಆಗ್ಬಿಡ್ತೀನಿ."

ಇಷ್ಟು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪನಿಗೆ ಹೇಳಿದಿರಾ ಎಂದು ಕೇಳಿದೆ. ನಾಲಿಗೆ ಕಚ್ಚಿಕೊಂಡರು. ಅಪ್ಪನಿಗೆ ಹೇಳುವುದೆಂದರೆ ಹೊಸ ಮಾತೊಂದನ್ನು ಶುರುಮಾಡಬೇಕು, ಅದು ಅವರ ಕೈಲಾಗುವ ಕೆಲಸವಲ್ಲ. ಕೊನೆಗೆ ಚಪ್ಪಲಿ ಕೊಳ್ಳಲು ಹೋಗುತ್ತೇವೆಂದು ಮನೆಯಲ್ಲಿ ಹೇಳುವುದೆಂದು ತೀರ್ಮಾನವಾಯಿತು. ನಾನು ಕ್ಲಿನಿಕ್ಕಿಗೆ ರಜೆ ಹಾಕಿದೆ.

ಗೊಂದಲ ಗೇಟಿನಲ್ಲೇ ಶುರುವಾಯಿತು. ಗಾಜಿನ ಬಾಗಿಲಿನ ಕಾವಲುಗಾರ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ನನ್ನ ಕೈಗೆ ಒಂದು ನಂಬರಿನ ಬಿಲ್ಲೆ ಕೊಟ್ಟ. "ಮಗಳು ಮೇಲೆ ಹೋಗ್ಲಿ. ಅಮ್ಮ, ನೀವು ಇಲ್ಲೇ ಕೂತ್ಕೊಳ್ಳಿ, ಫ್ಯಾನ್ ಇದೆ." ನಾನು ಬಿಲ್ಲೆಯನ್ನು ಚಿಕ್ಕಮ್ಮನಿಗೆ ದಾಟಿಸಿ, ಬಂದಿರುವುದು ಇವರು, ನಾನು ಸುಮ್ಮನೆ ಜೊತೆಗೆ ಎಂದೆ. ಅವನು ತಲೆಯಾಡಿಸಿದ. ಅರ್ಥವಾಯಿತು ಎಂದುಕೊಂಡೆ. ಚಿಕ್ಕಮ್ಮ ಒಳಗೆ ಕಾಲಿಟ್ಟದ್ದೇ, "ಅಮ್ಮಾ, ಮಗಳ ನಂಬರು ನಿಮ್ಮ ಹತ್ರ ಇದ್ರೆ ಹೇಗೆ?" ಎಂದು ಹಿಂದಿನಿಂದ ಕೂಗಿದ.

ಮೂರನೆಯ ಮಹಡಿಯ ಓಣಿಯಲ್ಲಿ ಕುರ್ಚಿ ಹಾಕಿದ್ದರು. ಬಂದವರೆಲ್ಲ ನನ್ನ ವಯಸ್ಸಿನವರು, ಇನ್ನೂ ಚಿಕ್ಕವರು. ಎಲ್ಲರ ಬಾಯೂ ತಮ್ಮಷ್ಟಕ್ಕೆ ಏನೋ ಬಾಯಿಪಾಠ ಮಾಡುತ್ತಿತ್ತು. ಚಿಕ್ಕಮ್ಮ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಕೂತರು. "ಇಲ್ಲಿ ಗಲ್ಲಾ ಎಲ್ಲಿದೆ?" ಎಂದು ಪಿಸುಗುಟ್ಟಿದರು. ಕೆಳಗೆ, ಬಾಗಿಲ ಹತ್ತಿರ ಎಂದೆ. "ಅಷ್ಟು ದೂರಾನಾ? ಮತ್ತೆ ಮೇಲಿರೋರು ಬೆಲೆ ಹೇಗೆ ಕೇಳ್ತಾರೆ, ಫೋನ್ ಮಾಡ್ತಾರಾ?" ನನಗೆ ನಗು ಬಂತು. ಬೆಲೆ ಸಾಮಾನಿನ ಮೇಲೇ ಇರುತ್ತದೆ ಚಿಕ್ಕಮ್ಮ ಎಂದೆ. ಅವರಿಗೆ ಅದು ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಯೋಚನೆಗೆ ಬಿದ್ದರು. ತುಂಬ ಹೊತ್ತಿನ ಮೇಲೆ, "ಹಾಗಾದ್ರೆ ಮಾರೋರು ಏನು ಮಾಡ್ತಾರೆ?" ಎಂದು ಕೇಳಿದರು.

ನಂಬರು ಕೂಗಿದಾಗ ಚಿಕ್ಕಮ್ಮ ನನ್ನ ಕೈ ಬಿಡಲಿಲ್ಲ. ಬಿಡಿಸಿಕೊಳ್ಳುವಷ್ಟರಲ್ಲಿ ಇಬ್ಬರೂ ಒಳಗಿದ್ದೆವು. ಉದ್ದನೆಯ ಮೇಜು. ಮೇಜಿನ ನಡುವೆ ಕನ್ನಡಕ ಹಾಕಿದ್ದ ಮೇಡಂ, ಅವರ ಪಕ್ಕ, ನಮ್ಮ ಎಡಗೈ ಕಡೆಗೆ, ಲ್ಯಾಪ್‌ಟಾಪಿನ ಹಿಂದೆ ಟೈ ಕಟ್ಟಿದ ಸಾಹೇಬ. ಸಾಹೇಬನೆಂದರೆ ಏನು, ನನಗಿಂತ ನಾಲ್ಕು ವರ್ಷ ದೊಡ್ಡವನಿರಬಹುದು. ಮೇಜಿನ ಮೇಲೆ ಮಡಿಸಿದ ಅಂಗಿಗಳು, ಒಂದು ಛತ್ರಿ, ಒಂದು ಜೊತೆ ಬೂಟು.

ಕನ್ನಡಕದ ಮೇಡಂ ನನ್ನ ಕಡೆಗೇ ನೋಡಿ ನಗುತ್ತಾ, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ," ಎಂದರು.

"ಮೇಡಂ, ನನ್ನ ಬಗ್ಗೆ ಅಲ್ಲ, ಇವರ ಬಗ್ಗೆ."

"ಇವರು ನಿಮ್ಮ ತಾಯಿ?"

"ಚಿಕ್ಕಮ್ಮ."

"ಸರಿ. ಚಿಕ್ಕಮ್ಮನ ಬಗ್ಗೆ ಆಮೇಲೆ ಹೇಳೋರಂತೆ. ಮೊದಲು ನಿಮ್ಮ ಬಗ್ಗೆ."

ನನ್ನ ಸಿಟ್ಟು ನಮ್ಮ ಮನೆಯಲ್ಲೇ ಹೆಸರುವಾಸಿ. ಆದರೆ ಪಾಪ, ಅವರದೇನು ತಪ್ಪು? ಕೆಲಸ ಬೇಕಾದವರು ಬಾಯಿ ಬಿಡದೆ, ಬೇಡವಾದವರು ಬಾಯಿ ಮುಚ್ಚದೆ ಕೂತಿದ್ದರೆ ಯಾರಾದರೂ ತಬ್ಬಿಬ್ಬಾಗುತ್ತಾರೆ. ನಾನು ಎದ್ದು ನಿಂತು, ಚಿಕ್ಕಮ್ಮನನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಅವರ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕೂತೆ. ಆಗ ಎಲ್ಲರಿಗೂ ವಿಷಯ ತಿಳಿಯಿತು. ಟೈ ಸಾಹೇಬ ಲ್ಯಾಪ್‌ಟಾಪಿನಲ್ಲಿ ಏನೋ ಅಳಿಸಿ ಏನೋ ಬರೆದ. ಮೇಡಂ ಕ್ಷಮೆ ಕೇಳಿದರು. ಚಿಕ್ಕಮ್ಮನೂ ಕ್ಷಮೆ ಕೇಳಿದರು, ಯಾಕೆಂದು ಅವರನ್ನೇ ಕೇಳಬೇಕು.

"ಮುಂಚೆ ಎಲ್ಲಾದ್ರೂ ಕೆಲಸ ಮಾಡಿದೀರಾ?"

"ಇಲ್ಲ," ಎಂದರು ಚಿಕ್ಕಮ್ಮ.

ನಾನು ಕುರ್ಚಿಯ ಹಿಂದಿನಿಂದ ಅವರ ಬೆನ್ನಿಗೆ ಬೆರಳಿಂದ ಚುಚ್ಚಿದೆ. ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಇನ್ನಷ್ಟು ಗಟ್ಟಿಯಾಗಿ, "ಎಲ್ಲೂ ಮಾಡಿಲ್ಲ," ಎಂದರು. ಟೈ ಸಾಹೇಬ ಟೈಪು ಮಾಡಿದ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಅನುಭವ ಇಲ್ಲದವರನ್ನು ತರಬೇತಿಗೆ ತೆಗೆದುಕೊಳ್ಳುತ್ತೇವೆ, ಆದರೆ ಅದಕ್ಕೆ ವಯಸ್ಸಿನ ಮಿತಿ ಇದೆ, ನೀವು ಅದನ್ನು ದಾಟಿದ್ದೀರಿ, ಅನುಭವ ಇದ್ದಿದ್ದರೆ ವಯಸ್ಸು ನೋಡುತ್ತಿರಲಿಲ್ಲ ಎಂದು ಮೆಲ್ಲಗೆ ವಿವರಿಸಿದರು. ಒಳ್ಳೆಯ ಹೆಂಗಸು. ಬಂದವರನ್ನು ಹಾಗೇ ಕಳಿಸಲು ಮನಸ್ಸಾಗಲಿಲ್ಲವೋ ಏನೋ, "ಇರ್ಲಿ, ಬಂದಿದೀರಿ. ನಾನು ಗಿರಾಕಿ ಅಂದ್ಕೊಳ್ಳಿ. ಈ ಅಂಗಿ ನಂಗೆ ಮಾರಿ ನೋಡೋಣ," ಎಂದು ಮಡಿಸಿದ ಅಂಗಿಯೊಂದನ್ನು ಮುಂದಕ್ಕೆ ತಳ್ಳಿದರು.

ಚಿಕ್ಕಮ್ಮ ಎದ್ದು ನಿಂತರು. ನಿಂತದ್ದೇ ನಿಂತದ್ದು, ಅವರ ಮುಖ ಬೇರೆಯಾಯಿತು. ಓಣಿಯಲ್ಲಿ ಗೋಡೆ ನೋಡುತ್ತಿದ್ದವರು ಇವರಲ್ಲ. ಅಂಗಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿ, "ಯಾರಿಗಮ್ಮಾ, ಮಗನಿಗಾ?" ಎಂದರು. ಅಣ್ಣನಿಗೆ ಎಂದರು ಮೇಡಂ, ನಗುತ್ತಾ. "ಅಣ್ಣ ದಪ್ಪಾನಾ ಸಣ್ಣಾನಾ? ಮಡಿಸಿದ ತೋಳು ಹಾಕ್ತಾರಾ, ಬಿಟ್ಟಿದ್ದಾ?" ಮೇಡಂ ನಿಜವಾಗಿಯೂ ಅಣ್ಣನನ್ನು ನೆನೆಸಿಕೊಂಡು ಉತ್ತರ ಹೇಳತೊಡಗಿದರು. ವಿಶೇಷವೇನೂ ನಡೆಯಲಿಲ್ಲ, ನಮ್ಮ ಮುಂದಿನ ಕೋಣೆಯಲ್ಲಿ ನಾನು ಹುಟ್ಟಿದಾಗಿನಿಂದ ನೋಡಿದ್ದೇ ನಡೆಯಿತು. ಆಮೇಲೆ ಮೇಡಂ ಕೇಳಿದರು:

"ಚೆನ್ನಾಗಿದೆ. ಬೆಲೆ?"

ಅಂಗಿಯ ಕಾಲರಿಗೆ ಅಂಗೈಯಷ್ಟು ದೊಡ್ಡ ಚೀಟಿ ತೂಗುತ್ತಿತ್ತು. ಅದರ ಮೇಲೆ ಬೆಲೆ ದಪ್ಪ ಅಕ್ಷರದಲ್ಲಿತ್ತು. ಚಿಕ್ಕಮ್ಮನ ಕುತ್ತಿಗೆ ಎಡಕ್ಕೆ ತಿರುಗಿತು.

"ಭಾವಾ, ಇದಕ್ಕೆ ಎಷ್ಟು?"

ಟೈ ಸಾಹೇಬ ಲ್ಯಾಪ್‌ಟಾಪಿನಿಂದ ತಲೆಯೆತ್ತಿದ. ತನ್ನ ಹಿಂದೆ ನೋಡಿದ. ಹಿಂದೆ ಗೋಡೆ. "ನಾನಾ?" ಎಂದ. ಚಿಕ್ಕಮ್ಮ ಅಂಗಿ ಎತ್ತಿ ಹಿಡಿದು ಕಾಯುತ್ತಿದ್ದರು. ಅವನಿಗೇನನ್ನಿಸಿತೋ, ಮೇಜಿನ ಮೇಲೆ ಬಗ್ಗಿ, ಚೀಟಿ ಓದಿ, ಬೆಲೆ ಹೇಳಿದ. ಚಿಕ್ಕಮ್ಮ ಮೇಡಂ ಕಡೆ ತಿರುಗಿ ಅದೇ ಬೆಲೆಯನ್ನು ಇನ್ನೊಮ್ಮೆ ಹೇಳಿದರು. ಆಗ ಚಿಕ್ಕಮ್ಮನಿಗೆ ತಾನು ಎಲ್ಲಿದ್ದೇನೆಂದು ತಿಳಿಯಿತು. ಅಂಗಿಯನ್ನು ಎದೆಗವಚಿಕೊಂಡು ಕುರ್ಚಿಗೆ ಕುಸಿದರು. ನಾನು ನಗಬೇಕೋ ಅಳಬೇಕೋ ತಿಳಿಯದೆ ಛತ್ರಿಯನ್ನು ನೋಡುತ್ತಾ ಕೂತೆ.

"ಭಾವ ಅಂದ್ರೆ ಯಾರು?" ಎಂದು ಮೇಡಂ ಕೇಳಿದರು. ಈ ಸಲ ನಾನು ಬಾಯಿ ಮುಚ್ಚಲಿಲ್ಲ. ಅಂಗಡಿ, ಡಬ್ಬಿ, ಗಲ್ಲಾ, ತಾತನ ನಿಯಮ, ರಸ್ತೆ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮೇಡಂ ಕೇಳಿಸಿಕೊಂಡು ಚಿಕ್ಕಮ್ಮನ ಕಡೆ ತಿರುಗಿದರು.

"ಮತ್ತೆ ಕೆಲಸಾನೇ ಮಾಡಿಲ್ಲ ಅಂದ್ರಲ್ಲಮ್ಮ?"

"ಅದು ಮನೇದು," ಎಂದರು ಚಿಕ್ಕಮ್ಮ. "ಮನೇದು ಕೆಲಸ ಹೇಗಾಗುತ್ತೆ?"

ಟೈ ಸಾಹೇಬ ಮತ್ತೆ ಅಳಿಸಿದ. ಮೇಡಂ ಯೋಚಿಸಿ, ಒಂದು ದಾರಿ ಇದೆ ಎಂದರು. ಹಿಂದೆ ದುಡಿದ ಅಂಗಡಿಯ ಮಾಲೀಕರು, ಹೌದು, ಇವರು ನಮ್ಮಲ್ಲಿ ಕೆಲಸ ಮಾಡುತ್ತಿದ್ದರು ಎಂದು ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು, ಅನುಭವ ಇದ್ದವರ ಪಟ್ಟಿಗೆ ಹಾಕಿಕೊಳ್ಳಬಹುದು. ಒಂದೇ ಮಾತು. ಚಿಕ್ಕಮ್ಮ ಬೇಡ ಎನ್ನುವಷ್ಟರಲ್ಲಿ ನಾನು ಅಪ್ಪನ ನಂಬರು ಹೇಳಿಬಿಟ್ಟೆ. ಮೇಡಂ ಮೇಜಿನ ಫೋನಿನಿಂದ ಕರೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಗುಂಡಿ ಒತ್ತಿದರು.

ನಮ್ಮಪ್ಪ ಫೋನಿನಲ್ಲಿ ಮಾತನಾಡುವುದೆಂದರೆ ಹೊಳೆಯಾಚೆಯವರನ್ನು ಕೂಗಿದ ಹಾಗೆ. "ಯಾರು!" ಎಂಬ ಶಬ್ದಕ್ಕೆ ಟೈ ಸಾಹೇಬ ಬೆಚ್ಚಿದ. ಮೇಡಂ ತಮ್ಮ ಅಂಗಡಿಯ ಹೆಸರು ಹೇಳಿ, ಚಿಕ್ಕಮ್ಮನ ಹೆಸರು ಹೇಳಿ, "ಇವರು ನಿಮ್ಮ ಅಂಗಡೀಲಿ ಕೆಲಸಕ್ಕಿದ್ರಾ?" ಎಂದು ಕೇಳಿದರು.

"ಕೆಲಸಕ್ಕಾ? ಛೆ ಛೆ! ನಮ್ಮಲ್ಲಿ ಯಾರೂ ಕೆಲಸಕ್ಕಿರಲಿಲ್ಲ."

"ಯಾರೂ ಇರಲಿಲ್ವಾ? ಇವರು?"

"ಅವಳು ನನ್ನ ತಮ್ಮನ ಹೆಂಡ್ತಿ ಕಣ್ರೀ! ನಮ್ಮನೆ ಸೊಸೆ! ಅವಳ್ಯಾಕೆ ಕೆಲಸ ಮಾಡ್ತಾಳೆ? ಯಾರ್ರೀ ನಿಮಗೆ ಹೀಗೆಲ್ಲ ಹೇಳಿದ್ದು?"

ಎದ್ದು ಫೋನಿಗೆ ಬಾಯಿ ಹಾಕಬೇಕೆಂದುಕೊಂಡೆ. ಚಿಕ್ಕಮ್ಮ ಕೈ ಹಿಂದೆ ಚಾಚಿ ನನ್ನ ಮೊಣಕಾಲನ್ನು ಒತ್ತಿ ಹಿಡಿದರು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಕಾಣುತ್ತಿತ್ತು. ಅದು ಕೆಂಪಗಾಗಿತ್ತು.

"ಅವರು ಇಲ್ಲೇ ನಮ್ಮ ಮುಂದೆ ಇದಾರೆ, ಸರ್," ಎಂದರು ಮೇಡಂ, ಏನು ಹೇಳಲೂ ತೋಚದೆ.

"ಅಲ್ಲಿದಾಳಾ? ಚಪ್ಪಲಿ ಅಂಗಡೀಲಾ? ಒಳ್ಳೇದಾಯ್ತು. ಏನಮ್ಮಾ, ಕೇಳಿಸ್ತಾ ಇದೆಯಾ? ಕೋಟಿನ ಟೈಲರು ಬಂದು ನಿಂತಿದಾರೆ. ಕಂದು ಬಣ್ಣದ ಗುಂಡಿ ಬೇಕಂತೆ. ಎಲ್ಲಾ ಡಬ್ಬಿ ತೆಗೆದೆ, ಕಾಣ್ತಾನೇ ಇಲ್ಲ!"

ಚಿಕ್ಕಮ್ಮ ಫೋನಿನ ಕಡೆ ಬಗ್ಗಿದರು. "ಮಂಚದ ಕೆಳಗೆ ಭಾವಾ. ಗೋಡೆ ಕಡೆ, ಹಸಿರು ಡಬ್ಬಿ. ಅದರ ಮುಂದೆ ಜಿಪ್ಪಿನ ಪೆಟ್ಟಿಗೆ ಇದೆ, ಅದನ್ನ ಸರಿಸ್ಬೇಕು. ನಾಲ್ಕು ತೂತಿಂದೇ ಕೊಡಿ, ಅವರು ಎರಡು ತೂತಿಂದು ತಗೊಳ್ಳಲ್ಲ." ಆ ಕಡೆಯಿಂದ ತಗಡು ಉರುಳುವ ಸದ್ದು, ಅಪ್ಪ ನರಳುವ ಸದ್ದು, ಅಮ್ಮ ಬೈಯುವ ಸದ್ದು, ಕೊನೆಗೆ "ಸಿಕ್ತು! ಸಿಕ್ತು!" ಎಂಬ ಕೂಗು. ಆಮೇಲೆ ಫೋನನ್ನು ಎಲ್ಲಿಟ್ಟರೋ, ಗುಂಡಿಗಳು ಗಲಗಲ ಎನ್ನುವುದೇ ಕೇಳುತ್ತಿತ್ತು. ಮೇಡಂ ಸ್ವಲ್ಪ ಹೊತ್ತು ಅದನ್ನೇ ಕೇಳಿಸಿಕೊಂಡು ಕರೆ ಮುಗಿಸಿದರು.

"ತಿಳಿಸ್ತೀವಿ," ಎಂದರು. ಟೈ ಸಾಹೇಬ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟುಕೊಂಡು, ಏನು ಬರೆಯಬೇಕೆಂಬಂತೆ ಅವರ ಮುಖ ನೋಡುತ್ತಿದ್ದ. ಚಿಕ್ಕಮ್ಮ ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟು ಹೊರಗೆ ಬಂದರು.

ಬಸ್ಸಿನಲ್ಲಿ ನಾನು ಅಪ್ಪನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಚಿಕ್ಕಮ್ಮ ಕಿಟಕಿಯಾಚೆ ನೋಡುತ್ತಿದ್ದರು. "ಭಾವನ್ನ ಬೈಬೇಡ. ಅವರು ಸುಳ್ಳು ಹೇಳ್ಲಿಲ್ಲ," ಎಂದರು. ಒಂದು ನಿಲ್ದಾಣ ಕಳೆಯಿತು, ಇನ್ನೊಂದು ಕಳೆಯಿತು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಉತ್ತರ ಗೊತ್ತಿಲ್ಲದವರ ಹಾಗೆ ಕೇಳಿದರು:

"ಹಾಗಾದ್ರೆ ಅಷ್ಟು ವರ್ಷ ನಾನಲ್ಲಿ ನಿಂತ್ಕೊಂಡು ಏನು ಮಾಡ್ತಿದ್ದೆ?"



ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಅಪ್ಪನ ಮೇಲೆ ಬಿದ್ದೆ. ಆ ಫೋನು ಯಾರದು, ಯಾಕೆ ಬಂತು, ನಿಮ್ಮ ಒಂದು ಮಾತಿನಿಂದ ಏನು ಹೋಯಿತು ಎಲ್ಲವನ್ನೂ ಕೂಗಿ ಹೇಳಿದೆ. ಅಪ್ಪ ಬಹಳ ಹೊತ್ತು ಕಣ್ಣು ಕಣ್ಣು ಬಿಟ್ಟರು. ಚಿಕ್ಕಮ್ಮನಿಗೆ ಕೆಲಸ ಬೇಕಾಗಿದೆ ಎಂಬುದೇ ಅವರ ತಲೆಗೆ ಹೋಗುತ್ತಿರಲಿಲ್ಲ.

"ಮನೆ ಹೆಣ್ಣುಮಗಳನ್ನ ಕೆಲಸದವಳು ಅಂತ ಹೇಳ್ಬೇಕಿತ್ತಾ? ಊರವರ ಮುಂದೆ? ನಂಗೆ ಬಾಯಿ ಬರುತ್ತೇನೇ?"

"ಕೆಲಸದವಳು ಅಂತ ಅಲ್ಲಪ್ಪಾ! ಕೆಲಸ ಮಾಡಿದ್ಲು ಅಂತ!"

"ಎರಡೂ ಒಂದೇ ಅಲ್ವಾ?"

"ಅಲ್ಲ!"

"ಹೇಗೆ ಅಲ್ಲ?"

ನನಗೆ ಸಿಟ್ಟು ಇದ್ದಷ್ಟು ಬುದ್ಧಿ ಇರಲಿಲ್ಲ. 'ಅವಳ್ಯಾಕೆ ಕೆಲಸ ಮಾಡ್ತಾಳೆ' ಎಂಬ ಮಾತು ಅಪ್ಪನಿಗೆ ಗೌರವ. ಚಿಕ್ಕಮ್ಮನಿಗೆ ಅದೇ ಮಾತು ಅವರ ಬಾಳನ್ನೇ ಒರೆಸಿ ಹಾಕಿತ್ತು. ಇದನ್ನು ಆಗ ಹೇಳಬೇಕಿತ್ತು, ಈಗ ಹೊಳೆಯುತ್ತಿದೆ. ಚಿಕ್ಕಮ್ಮ ಅಷ್ಟರಲ್ಲಿ ಓಣಿಗೆ ಹೋಗಿ, ಅಪ್ಪ ಚೆಲ್ಲಾಪಿಲ್ಲಿ ಮಾಡಿದ್ದ ಡಬ್ಬಿಗಳನ್ನು ಜೋಡಿಸತೊಡಗಿದ್ದರು. ಹಾಲಿನಲ್ಲಿದ್ದ ನಮಗೆ ಆ ತಗಡಿನ ಸದ್ದು ಕೇಳುತ್ತಿತ್ತು. ಅಪ್ಪ ಕಿಟಕಿಯ ಹೊರಗೆ ನೋಡುವುದನ್ನು ಬಿಟ್ಟು ಓಣಿಯ ಕಡೆಗೇ ನೋಡುತ್ತಾ ಕೂತರು. ಸಂಜೆಯ ಚಹಾ ಅವರ ಮುಂದೆ ಹಾಗೇ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ನಾನು ಕೂದಲು ಬಾಚುತ್ತಿದ್ದಾಗ ಅಪ್ಪನ ಕೂಗು ಕೇಳಿಸಿತು. ನಿನ್ನೆ ಬಂದಿದ್ದ ನಂಬರಿಗೆ ತಾವೇ ಫೋನು ಮಾಡಿದ್ದರು. ಅದು ಹೋಗಿ ಸೇರಿದ್ದು ಅಂಗಡಿಯ ಇನ್ನಾವುದೋ ಮೇಜಿಗೆ. ಅಪ್ಪನಿಗೆ ಅದು ಗೊತ್ತಾಗಲೂ ಇಲ್ಲ, ಗೊತ್ತಾಗಿದ್ದರೂ ಅವರು ನಿಲ್ಲಿಸುವವರಲ್ಲ.

"ನಿನ್ನೆ ನನ್ನನ್ನೊಂದು ಪ್ರಶ್ನೆ ಕೇಳಿದ್ರಲ್ಲ, ಅದನ್ನ ಇನ್ನೊಂದ್ಸಲ ಕೇಳಿ! ... ಯಾವ ಪ್ರಶ್ನೆನಾ? ನೀವೇ ಕೇಳಿದ್ದು, ನಂಗೇನು ಕೇಳ್ತೀರಿ? ... ವಾಪಸಾ? ಸಾಮಾನು ವಾಪಸ್ ಮಾಡೋಕಲ್ಲ ಕಣಮ್ಮ. ಮಾತು. ನಿನ್ನೆ ಹೇಳಿದ ಮಾತು ವಾಪಸ್ ತಗೋಬೇಕು. ... ರಸೀದಿ? ಮಾತಿಗೆ ಯಾವ ರಸೀದಿ?"

ಅಮ್ಮ ಅಡುಗೆಮನೆಯಿಂದ ಬಂದು ನಿಂತರು. ಚಿಕ್ಕಮ್ಮ ಓಣಿಯ ಬಾಯಿಗೆ ಬಂದು ನಿಂತರು. ಅಪ್ಪ ಯಾರನ್ನೂ ನೋಡದೆ, ಗೋಡೆಯ ಕಡೆ ಮುಖ ಮಾಡಿ, ಇನ್ನೂ ಗಟ್ಟಿಯಾಗಿ ಹೇಳಿದರು:

"ಬರ್ಕೊಳ್ಳಿ. ನಮ್ಮ ಅಂಗಡೀಲಿ ಕೆಲಸ ಮಾಡ್ತಿದ್ದದ್ದು ಅವಳೊಬ್ಬಳೇ. ನಾನು ಬರೀ ಕೂತಿರ್ತಿದ್ದೆ. ಬರ್ಕೊಂಡ್ರಾ? ... ಹಲೋ? ಹಲೋ?"

ಫೋನು ಯಾವಾಗ ಕಟ್ಟಾಗಿತ್ತೋ ದೇವರಿಗೇ ಗೊತ್ತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಚಿಕ್ಕಮ್ಮ ಓಣಿಗೆ ವಾಪಸ್ಸು ಹೋದರು. ಆದರೆ ಆವತ್ತು ಆ ಕಡೆಯಿಂದ ಡಬ್ಬಿಗಳ ಸದ್ದು ಬರಲಿಲ್ಲ.

ಒಂದು ವಾರದ ನಂತರ ಅಂಗಡಿಯಿಂದ ಕರೆ ಬಂತು, ಬಂದು ಸೇರಿಕೊಳ್ಳಿ ಎಂದು. ಅಪ್ಪನ ಮಾತು ಯಾರಾದರೂ ಬರೆದುಕೊಂಡಿದ್ದರೋ, ಕನ್ನಡಕದ ಮೇಡಂ ಆ ಹಸಿರು ಡಬ್ಬಿಯನ್ನೇ ಅನುಭವವೆಂದು ಎಣಿಸಿದರೋ, ಅಥವಾ ಬೇರೆ ಯಾರೂ ಸಿಗಲಿಲ್ಲವೋ. ಕೇಳೋಣವೆಂದರೆ ಆ ಮೇಡಂ ಆಮೇಲೆ ಬೇರೆ ಶಾಖೆಗೆ ಹೋಗಿಬಿಟ್ಟರು. ಇದೇ ನಾನು ಮೊದಲಿಗೇ ಹೇಳಿದ ಗೊಂದಲ. ಚಿಕ್ಕಮ್ಮನನ್ನು ಗಂಡಸರ ಅಂಗಿಗಳ ವಿಭಾಗಕ್ಕೆ ಹಾಕಿದರು.

ಅವರು ಸೇರಿದ ಕೆಲವು ದಿನಕ್ಕೆ ಅಪ್ಪ ನನ್ನನ್ನು ಕರೆದು, "ನಂಗೊಂದು ಜೊತೆ ಚಪ್ಪಲಿ ಬೇಕು, ನಡಿ," ಎಂದರು. ಅವರ ಚಪ್ಪಲಿ ಇನ್ನೂ ಹೊಸದು. ನಾನು ಅವರ ಜೊತೆ ಹೊರಟೆ. ಗಾಜಿನ ಬಾಗಿಲು ದಾಟಿ, ಚಪ್ಪಲಿಯ ಕಡೆ ತಿರುಗಿಯೂ ನೋಡದೆ ಅಪ್ಪ ನೇರ ಅಂಗಿಗಳ ಸಾಲಿಗೆ ನಡೆದರು. ಚಿಕ್ಕಮ್ಮ ಒಂದು ಕೌಂಟರಿನ ಹಿಂದೆ ನಿಂತಿದ್ದರು, ಎದೆಯ ಮೇಲೆ ಹೆಸರಿನ ಪಟ್ಟಿ. ನಮ್ಮನ್ನು ಕಂಡು ಏನು ಮಾಡಬೇಕೆಂದು ತಿಳಿಯದೆ, ಬೇರೆ ಗಿರಾಕಿಗಳಿಗೆ ಹೇಳುವ ಹಾಗೆಯೇ, "ಬನ್ನಿ," ಎಂದುಬಿಟ್ಟರು.

ಅಪ್ಪ ಕೈಗೆ ಸಿಕ್ಕ ಅಂಗಿಯೊಂದನ್ನು ಎತ್ತಿಕೊಂಡರು. ಅವರಿಗಿಂತ ಎರಡು ಅಳತೆ ದೊಡ್ಡದು. ಚೀಟಿ ಅವರ ಹೆಬ್ಬೆರಳಿಗೇ ತಾಗುತ್ತಿತ್ತು. ಅದರ ಮೇಲೆ ಕಣ್ಣು ಹಾಯಿಸದೆ, ಆ ಗಂಟುಮುಖವನ್ನು ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ ಮಾಡಿಕೊಂಡು ಕೇಳಿದರು:

"ಇದಕ್ಕೆ ಎಷ್ಟಮ್ಮಾ?"

ಚಿಕ್ಕಮ್ಮನ ಕುತ್ತಿಗೆ ಎಡಕ್ಕೆ ತಿರುಗಿತು. ಎಡಗಡೆ ಬರಿಯ ಕಂಬವಿತ್ತು. ಅವರು ಕಂಬವನ್ನು ನೋಡುತ್ತಾ ನಿಂತುಬಿಟ್ಟರು.

"ಅಲ್ಲಿ ಯಾರೂ ಇಲ್ಲಮ್ಮ," ಎಂದರು ಅಪ್ಪ. ಜೀವಮಾನದಲ್ಲಿ ಮೊದಲ ಸಲ ಅವರು ಅಷ್ಟು ತಗ್ಗಿದ ದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿದೆ. "ನೀನೇ ಹೇಳು."

ಚಿಕ್ಕಮ್ಮ ಅಪ್ಪನ ಕಡೆ ತಿರುಗಿ ಬೆಲೆ ಹೇಳಿದರು.